ಐದು ಪಾಯಿಂಟ್ ಒಂಬತ್ತರ ವಂಶಾವಳಿ

ಎಲೆಕ್ಟ್ರಿಕಲ್ ಲ್ಯಾಬಿನ ಅಟೆಂಡರ್ ಅಂದ್ರ ಕೀಲಿ ತೆಗಿಯೋದು, ಧೂಳ ಝಾಡಸೋದು, ಕೀಲಿ ಹಾಕೋದು, ಇಷ್ಟೇ ಅಂತ ತಿಳ್ಕೊಂಡು ಕೆಲಸಕ್ಕ ಸೇರಿದವ ನಾನು. ದಿನಾ ಒಂದು ಫಜೀತಿ ಆಗ್ತೈತಿ, ನಗು ತಡಕೊಂಡು ನಿಲ್ಲೋದೂ ಡ್ಯೂಟಿನೇ ಅಂತ ಯಾರೂ ಹೇಳಿರಲಿಲ್ಲ ನೋಡ್ರಿ. ರಾಯಚೂರ ಕಡೆಯಿಂದ ಬಂದು ತೆಲುಗು ಸೀಮಿಯ ನಾಚಾರಂ ಹತ್ರದ ಈ ಪಾಲಿಟೆಕ್ನಿಕ್‌ನ್ಯಾಗ ಹದಿನೆಂಟು ವರ್ಷ ಆತು. ನಕ್ಕಿದ್ದು ಭಾಳ ಐತಿ. ಋಣಾನೂ ಭಾಳ ಐತಿ.

೧. ಎರಡು ನಳ, ಒಂದು ಬಕೀಟು

ನಮ್ಮ ಲ್ಯಾಬಿನ್ಯಾಗ ಸೂಪರ್‌ಪೊಸಿಷನ್ ಥಿಯರಂ ಅಂತ ಒಂದು ಪ್ರಯೋಗ. ಒಂದು ಕಟ್ಟಿಗಿ ಪೆಟ್ಟಿಗಿ, ಅದಕ್ಕ ಎರಡು ಕಡೆಯಿಂದ ಕರೆಂಟು, ನಡುವ ಒಂದು ಮೀಟರ್. ಮೇಡಂ ಬೋರ್ಡ್ ತುಂಬ ಬರೆದು ಹೇಳಿದ್ರು. ಹುಡುಗರು ಪಿಳಿಪಿಳಿ ನೋಡಾಕತ್ತಿದ್ರು. ನನಗ ಸುಮ್ನಿರಾಕ ಆಗಲಿಲ್ಲ.

"ಒಂದ ಬಕೀಟಿಗೆ ಎರಡು ನಳ ಅಂತ ತಿಳ್ಕೊರಿ. ಇದನ್ನ ಬಂದ್ ಮಾಡಿ ಅದನ್ನ ಬಿಟ್ಟು ಅಳೀರಿ. ಆಮ್ಯಾಲ ಅದನ್ನ ಬಂದ್ ಮಾಡಿ ಇದನ್ನ ಬಿಟ್ಟು ಅಳೀರಿ. ಎರಡೂ ಬಿಟ್ಟಾಗ ಬರೋದು ಆ ಎರಡರ ಮೊತ್ತ. ಮುಗೀತು."

ಹಿಂದಿನ ಬೆಂಚಿನವ ಎದ್ದ. "ಅಣ್ಣಾ, ನಮ್ಮ ಕಾಲನಿಯಾಗ ಎರಡೂ ನಳ ಬಿಟ್ರೂ ನೀರ ಬರಂಗಿಲ್ಲ. ಆವಾಗ?"

"ಆವಾಗೂ ಥಿಯರಂ ಸರೀನಪ್ಪ. ಸೊನ್ನಿಗೆ ಸೊನ್ನಿ ಕೂಡಿಸಿದ್ರ ಸೊನ್ನಿನೇ."

ಮೇಡಂ ಸಿಟ್ಟಾಗ್ತಾರ ಅಂದ್ಕೊಂಡಿದ್ದೆ. ಅವತ್ತಿನಿಂದ ಪ್ರತಿ ಬ್ಯಾಚಿಗೂ ಅವರು ಬಕೀಟಿನಿಂದಲೇ ಶುರು ಮಾಡ್ತಾರ.

೨. ಕರೆಂಟ್ ಹೋದಾಗ

ಒಂದ್ಸಲ ಪ್ರಯೋಗದ ನಡುವೇ ಕರೆಂಟ್ ಹೋತು. ಫ್ಯಾನ್ ನಿಂತವು, ಲೈಟ್ ಆರಿದವು, ಮೀಟರಿನ ಮುಳ್ಳು ಸೊನ್ನಿ ಮ್ಯಾಗ ಮಲಗಿತು. ಹುಡುಗರ ಪೆನ್ನು ಮಾತ್ರ ಓಡಾಕತ್ತಿದ್ವು! ಬಗ್ಗಿ ನೋಡಿದ್ರ ಎಲ್ಲರದೂ ಒಂದೇ: ಮೊದಲನೇದು 3.9, ಎರಡನೇದು 2.0, ಎರಡೂ ಸೇರಿ 5.9. ಪ್ರತಿ ವರ್ಷ ಹಂಗೇ. ಹಿಂದಿನ ಬ್ಯಾಚಿನವರು ತಮ್ಮ ರೆಕಾರ್ಡ್ ಬುಕ್ ಮುಂದಿನವರಿಗೆ ಕೊಟ್ಟು ಹೋಗೋದು ಇಲ್ಲಿಯ ಸಂಪ್ರದಾಯ.

"ಏನ್ ಬರಿಯಾಕತ್ತೀರೋ, ಕರೆಂಟೇ ಇಲ್ಲ?" ಅಂದೆ.

"ಬಂದ ಮ್ಯಾಲ ಬರೋದೂ ಇದೇ ಅಲ್ಲೇನಣ್ಣಾ?"

೩. ನಾಳೆ ತರೋ ಸಾಮಾನು

ಒಬ್ಬ ಧೈರ್ಯವಂತ ಸಪ್ಲೈ ಗುಂಡಿ ಪೂರಾ ತಿರುವಿ, ವೈರ್ ತಂದು ಸೀದಾ ಪೆಟ್ಟಿಗಿಯ ನಡುವಿನ ರೆಸಿಸ್ಟರಿಗೆ ಹಚ್ಚಿದ. ಕರೆಂಟಿಗೆ ಅಡ್ಡ ನಿಲ್ಲೋ, ಅಕ್ಕಿ ಕಾಳಿನಷ್ಟು ಸಾಮಾನು ಅದು. ಹೊಗಿ ಎದ್ದು ಸುಟ್ಟು ಹೋತು. ಕೇಳಿದ್ರ, "ಎರಡೂ ಕಡೆದು ಒಂದೇ ಸಲಕ್ಕ ಕೊಟ್ಟೆ ಅಣ್ಣಾ, ಟೈಮ್ ಉಳೀಲಿ ಅಂತ" ಅಂದ.

ಅಲ್ಲಿದ್ದಿದ್ದು ಒನ್ ಕೆ, ಅಂದ್ರ ಸಾವಿರ ಓಮ್‌ದು. ನನ್ನ ಡ್ರಾದಾಗ ಸಿಕ್ಕಿದ್ದು ಟೂ ಪಾಯಿಂಟ್ ಟೂ ಕೆ, ಅಂದ್ರ ಎರಡು ಪಟ್ಟಿಗಿಂತ ಜಾಸ್ತಿ ಅಡ್ಡಿ. ಸದ್ಯಕ್ಕ ಇರಲಿ ಅಂತ ಅದನ್ನೇ ಬೆಸುಗಿ ಹಾಕಿ ಮುಚ್ಚಳ ಬಿಗಿದೆ. ಮುಚ್ಚಳದ ಮ್ಯಾಗ 'ಒನ್ ಕೆ' ಅಂತ ಹಂಗೇ ಉಳೀತು. ನಾಳೆ ಕೋಠಿ ಬಜಾರಿಗೆ ಹೋಗಿ ಸರಿಯಾದ್ದು ತರೋಣ ಅಂದ್ಕೊಂಡೆ.

ಕೋಠಿಗೆ ಹೋಗಲಿಲ್ಲ ಅಂತಲ್ರಿ. ಹೆಂಡತಿ ಸೀರಿಗೆ ಹೋದೆ, ಮಗನ ಪುಸ್ತಕಕ್ಕ ಹೋದೆ, ನನ್ನ ಮೊಣಕಾಲಿನ ಔಷಧಕ್ಕ ಹೋದೆ. ಹಿಂಗೇ ನಾಲ್ಕು ವರ್ಷ ಆತು. ಅಷ್ಟು ಬ್ಯಾಚು ಹೋದ್ರೂ ಒಬ್ಬರೂ ಗೊಣಗಲಿಲ್ಲ. ಎಲ್ಲರಿಗೂ 5.9 ಬರಾಕತ್ತಿತ್ತಲ್ಲ!

೪. ಒಬ್ಬಾಕಿಯ ಮೂರು ಪಾಯಿಂಟ್ ಮೂರು

ಯಾದಗಿರಿ ಕಡೆ ಹುಡುಗಿ ಒಬ್ಬಾಕಿ ಇದ್ಲು. ಅವರಪ್ಪ ಪಟಾನ್‌ಚೆರು ಹತ್ರ ಗೋಡಿ ಕಟ್ಟೋ ಗೌಂಡಿ ಕೆಲಸ ಮಾಡ್ತಿದ್ದ. ಎರಡು ಬಸ್ ಬದಲಿಸಿ ಬರಾಕಿ, ನನ್ನ ಕೂಡ ಕನ್ನಡ ಮಾತಾಡಾಕಿ, ನನ್ನ ಕಾಕಾ ಅನ್ನಾಕಿ. ಎಲ್ಲಾ ಪಾಸಾಗಿ ಈ ಒಂದು ಪ್ರಾಕ್ಟಿಕಲ್‌ನ್ಯಾಗ ಎರಡು ಸಲ ಫೇಲಾಗಿದ್ಲು. ಯಾಕ ಅಂತ ಕೇಳಿದ್ರ ತಲಿ ತಗ್ಗಿಸ್ತಿದ್ಲು. ಇದೇ ನಾಚಾರಂದಾಗ ಟ್ರಾನ್ಸ್‌ಫಾರ್ಮರ್ ಮಾಡೋ ಕಾರ್ಖಾನೆಯವರು, ಡಿಪ್ಲೊಮಾ ಸರ್ಟಿಫಿಕೇಟ್ ತಂದ್ರ ಕೆಲಸ ಐತಿ ಅಂದಿದ್ರು. ಈ ಸಲ ಆಗಲಿಲ್ಲಂದ್ರ ಅದು ಬ್ಯಾರೆಯವರ ಪಾಲು.

ಮೂರನೇ ಸಲ ಹೊರಗಿನಿಂದ ಪರೀಕ್ಷಕರು ಬಂದಿದ್ರು. ತೆಲುಗಿನವರು, ಬೆಳ್ಳನ ಕೂದಲು. ಎಂಟು ಮಂದಿ ಸರದಿಯಂತೆ ಅದೇ ಪೆಟ್ಟಿಗಿ ಮ್ಯಾಗ ಪ್ರಯೋಗ ಮಾಡಿದ್ರು. ಏಳು ಮಂದಿಗೆ 5.9. ಆಕಿಗೆ 3.3.

"ಏಂಟಮ್ಮಾ ಇದಿ, ಏನಿದು? ಲೆಕ್ಕ ಮಾಡಿದ್ರ ಆರು ಬರಬೇಕು. ಎಲ್ಲರಿಗೂ ಬಂದದ್ದು ನಿನಗ್ಯಾಕ ಬರಲಿಲ್ಲ?"

ಆಕಿ ತನ್ನ ಪುಸ್ತಕ ಅವರ ಮುಂದ ಇಟ್ಳು. "ಸರ್, ಒಂದ ಕಡೆ ಕೊಟ್ರ 2.2. ಇನ್ನೊಂದು ಕಡೆ ಕೊಟ್ರ 1.1. ಎರಡೂ ಕೊಟ್ರ 3.3. ಕೂಡಿಸಿ ನೋಡ್ರಿ. ಥಿಯರಂ ಸರಿ ಐತಿ. ಪೆಟ್ಟಿಗಿನೇ ಏನೋ ಸುಳ್ಳು ಹೇಳಾಕತ್ತೈತಿ."

ಆವಾಗ ನನಗ ಆ ರೆಸಿಸ್ಟರ್ ನೆನಪಾತು. ಇದೇ 3.3 ಬರೆದು ಆಕಿ ಎರಡು ಸಲ ಫೇಲಾಗಿದ್ದು ನನ್ನ ಕೈಗುಣದಿಂದ. ನೌಕರಿ ಹೋದ್ರ ಹೋಗಲಿ ಅಂತ ಸ್ಕ್ರೂ ಡ್ರೈವರ್ ಹಿಡ್ಕೊಂಡು ಮುಂದ ಹೋದೆ. "ಸಾರ್, ತಪ್ಪು ನಂದು" ಅಂತ ಮುಚ್ಚಳ ಬಿಚ್ಚಿ ತೋರಿಸಿದೆ.

ಅವರು ಒಳಗ ನೋಡಿದ್ರು, ಕಾಗದದ ಮ್ಯಾಗ ಲೆಕ್ಕ ಹಾಕಿದ್ರು. 3.3 ಬರೋಬ್ಬರಿ ಬಂತು. ಆಮ್ಯಾಲ ಮೆಲ್ಲಕ ಉಳಿದ ಏಳು ಮಂದಿ ಕಡೆ ತಿರುಗಿದ್ರು. "ಹಂಗಾರ ನಿಮಗ 5.9 ಎಲ್ಲಿಂದ ಬಂತು?"

"ಸೀನಿಯರ್ ರೆಕಾರ್ಡಿನಿಂದ ಸರ್."

"ಅವರಿಗೆ?"

"ಅವರ ಸೀನಿಯರ್..."

ಸರ್ ಇನ್ನೊಮ್ಮೆ 3.9, 2.0, 5.9 ಅಂತ ಓದಿಕೊಂಡ್ರು. ಕನ್ನಡಕ ತೆಗೆದು ಒರಸಿದ್ರು. ಹೊಟ್ಟಿ ಕುಣಿಸಿ ನಗಾಕ ಶುರು ಮಾಡಿದ್ರು. "ನಾನೂ ಇದೇ ಲ್ಯಾಬಿನ್ಯಾಗ ಕಲಿತವ. ಮೀಟರ್ ನೋಡಿರಲೇ ಇಲ್ಲ. ಲೆಕ್ಕದಾಗ 4, 2, 6 ಬಂದಿತ್ತು. ಅಷ್ಟು ಸರಿ ಬರೆದ್ರ ಮೇಷ್ಟ್ರಿಗೆ ಡೌಟ್ ಬರ್ತೈತಿ ಅಂತ ನಾನೇ ಒಂದು ಪಾಯಿಂಟ್ ಕಡಿಮಿ ಮಾಡಿದ್ದೆ!"

ಒಬ್ಬ ಚುರುಕ ಕೈ ಎತ್ತಿದ. "ಸರ್, ನಿಮ್ಮ ರೀಡಿಂಗಿಗೆ ನೀವೇ ಫೇಲ್ ಮಾಡ್ತೀರೇನ್ರಿ?"

"ಇಲ್ಲಪ್ಪ. ಎಲ್ಲರೂ ಮತ್ತೊಮ್ಮೆ ಮಾಡ್ರಿ. ನಾನೂ ನಿಮ್ಮ ಹಿಂದ ಸಾಲಿನ್ಯಾಗ ನಿಲ್ತೀನಿ, ನಂದೂ ಇನ್ನೂ ಬಾಕಿ ಐತಿ."

ಆಕಿಗೆ ಪೂರಾ ಮಾರ್ಕ್ಸ್ ಬಂದ್ವು. ನನ್ನ ಮ್ಯಾಲ ಒಂದಕ್ಷರ ಬರೀಲಿಲ್ಲ ಆ ಪುಣ್ಯಾತ್ಮ. ಹೊರಗ ಬಂದು ಆಕಿ ಮುಂದ ಕೈ ಮುಗಿದೆ. "ಯವ್ವಾ, ನಿನಗ ಎರಡು ಸಲ ಅನ್ಯಾಯ ಮಾಡೀನಿ."

"ಬಿಡ್ರಿ ಕಾಕಾ. ನನ್ನ ಕಣ್ಣಾಗೇ ದೋಷ ಐತಿ ಅಂತ ಕಣ್ಣಿನ ಡಾಕ್ಟರ್ ಹತ್ರ ಹೋಗಿ ಬಂದಿದ್ದೆ. ಅಂತೂ ಕಣ್ಣು ಚಲೋ ಅದಾವ" ಅಂದು ನಕ್ಳು. ನನಗ ಅಳು ಬಂತು.

೫. ಈ ವರ್ಷದ ಬ್ಯಾಚು

ಆಕಿ ಈಗ ಅದೇ ಕಾರ್ಖಾನೆಯಾಗ ಟೆಸ್ಟಿಂಗ್ ವಿಭಾಗದಾಗ ಅದಾಳ. ಮೊದಲ ರಜಾ ಸಿಕ್ಕ ದಿನ ಲ್ಯಾಬಿಗೆ ಬಂದು ಒಂದು ಸಣ್ಣ ಪ್ಯಾಕೆಟ್ ಕೊಟ್ಳು. ಒಳಗ ಒನ್ ಕೆ ರೆಸಿಸ್ಟರ್, ಹಿಡಿ ತುಂಬ. "ಕೋಠಿಗೆ ಹೋಗಿದ್ದೆ ಕಾಕಾ, ನೆನಪಾತು" ಅಂದ್ಳು. ನಿಂತ ಕಾಲ ಮ್ಯಾಗ ಬೆಸುಗಿ ಹಾಕಿದೆ. ಪೆಟ್ಟಿಗಿ ಈಗ ನಿಯತ್ತಿಂದು. ಮುಳ್ಳು ಸರಿಯಾಗಿ ಆರು ತೋರಸ್ತೈತಿ.

ಮೊನ್ನೆ ಹೊಸ ಬ್ಯಾಚಿನವರ ಪ್ರಯೋಗ ಇತ್ತು. ಹೆಮ್ಮೆಯಿಂದ ಒಬ್ಬೊಬ್ಬರ ಪುಸ್ತಕ ಬಗ್ಗಿ ನೋಡಿದೆ. ಎಲ್ಲರದೂ 3.3!

"ಯಾಕ್ರೋ?" ಅಂದೆ.

"ಆ ಅಕ್ಕಂದೇ ರೆಕಾರ್ಡ್ ಅಣ್ಣಾ. ಆಕಿಗೆ ಪೂರಾ ಮಾರ್ಕ್ಸ್ ಬಂದಿದ್ವಂತಲ್ಲ!"