ಸಾಹೇಬರ ಸಭಾತ್ಯಾಗ ಮತ್ತು ಬೆಳಗಿನ ಬಸ್ಸು

ವಿರೋಧ ಪಕ್ಷದ ಶಾಸಕರಿಗೆ ಪಿ.ಎ. ಆಗಿರುವವನಿಗೆ ನಗುವುದಕ್ಕೆ ಬೇರೆ ಖರ್ಚಿಲ್ಲ. ಆಳುವ ಪಕ್ಷದವರ ಮನೆಗೆ ಜನ ಕೆಲಸ ಆಗುತ್ತದೆ ಅಂತ ಬರುತ್ತಾರೆ. ನಮ್ಮಲ್ಲಿಗೆ ಆಗುವುದಿಲ್ಲ ಅಂತ ಗೊತ್ತಿದ್ದೂ ಬರುತ್ತಾರೆ. ಬಂದವರನ್ನು ಕೂರಿಸಿ, ಕಾಫಿ ಕೊಟ್ಟು, "ಸದನದಲ್ಲಿ ಕೇಳ್ತಾರೆ, ಬಿಡಿ" ಅಂತ ಸಮಾಧಾನ ಹೇಳುವುದು ನನ್ನ ಉದ್ಯೋಗ. ಮನೆಯಲ್ಲಿ ನನ್ನ ಹೆಂಡತಿ ಗ್ಯಾಸ್ ಮುಗಿದಿದೆ ಅಂದಾಗಲೂ ಒಮ್ಮೆ ಅದೇ ಮಾತು ಬಾಯಿಗೆ ಬಂದು ಬೈಸಿಕೊಂಡಿದ್ದೇನೆ.

ಫೋನು ನಿಮ್ದೇ

ನರಸೀಪುರದ ಕಡೆಯ ರೈತರೊಬ್ಬರು ಬಂದರು. ಟ್ರಾನ್ಸ್‌ಫಾರ್ಮರ್ ಸುಟ್ಟು ಭತ್ತಕ್ಕೆ ನೀರಿಲ್ಲ. ನಮ್ಮ ಶಾಸಕ ಸಾಹೇಬರು ಆಫೀಸಿನ ಫೋನಿನಿಂದ ಇಂಜಿನಿಯರಿಗೆ ಮಾತಾಡಿದರು. ಆ ಕಡೆಯಿಂದ "ನೋಡ್ತೀನಿ ಸರ್" ಅಂತ ಉತ್ತರ ಬಂತು. ಆ "ನೋಡ್ತೀನಿ"ಗೆ ಏನು ಅರ್ಥ ಅಂತ ನಮ್ಮ ಆಫೀಸಿನ ಗೋಡೆಗಳಿಗೂ ಗೊತ್ತು. ಸಾಹೇಬರು ಬೇರೆಯವರ ಜೊತೆ ಮಾತಿಗೆ ಕೂತರು. ರೈತರು ಇನ್ನೊಂದು ಫೋನು ಮಾಡಿಕೊಳ್ಳಲಾ ಅಂತ ಕೇಳಿದರು, ಮಾಡಿ ಅಂದೆ.

ಮಾರನೆಯ ದಿನವೇ ಹೊಸ ಟ್ರಾನ್ಸ್‌ಫಾರ್ಮರ್ ಬಂತು. ಸಾಹೇಬರಿಗೆ ಖುಷಿಯೋ ಖುಷಿ. ಪಕ್ಷ ಸೋತರೂ ತಮ್ಮ ಮಾತಿಗೆ ಬೆಲೆ ಇದೆಯಲ್ಲ ಅಂತ ನನ್ನನ್ನು ನೋಡಿ ಮೀಸೆ ತೀಡಿದರು. ಅಷ್ಟರಲ್ಲಿ ಆ ರೈತರು ಬಾಳೆಗೊನೆ ಹೊತ್ತುಕೊಂಡು ಬಂದು ಕೈಮುಗಿದರು. "ಎಲ್ಲಾ ನಿಮ್ಮಿಂದಲೇ ಸಾ. ಫೋನು ನಿಮ್ದೇ. ಎಸ್ರು ಮಾತ್ರ ಆಳೋ ಪಾರ್ಟಿಯೋರ್ದು ಏಳ್ದೆ."

ಬಾಳೆಹಣ್ಣು ಮಾತ್ರ ಬಹಳ ರುಚಿಯಾಗಿತ್ತು.

ಕುಂತ್ಕಂಡೇ ಕೇಳು

ಈಗ ಬಸ್ಸಿನ ವಿಷಯಕ್ಕೆ ಬರುತ್ತೇನೆ. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯಿಂದ ಒಳಕ್ಕೆ ಹೋದರೆ ಒಂದು ಸಣ್ಣ ಹಳ್ಳಿ ಸಿಗುತ್ತದೆ. ಅಲ್ಲಿಂದ ಒಬ್ಬರು ಅವ್ವ ಮೊಮ್ಮಗಳ ಕೈಹಿಡಿದುಕೊಂಡು ಬಂದರು. ಹುಡುಗಿ ನಂಜನಗೂಡಿನಲ್ಲಿ ಬಿ.ಕಾಂ. ಓದುತ್ತಿದ್ದಳು. ಜನ ಸಾಲದು ಅಂತ ಊರಿನ ಬೆಳಗಿನ ಬಸ್ಸು ನಿಲ್ಲಿಸಿದ್ದರು. ಮುಖ್ಯರಸ್ತೆಯವರೆಗೆ ನಡೆದು, ಅಲ್ಲಿ ಬಸ್ಸು ಹಿಡಿದು ಕಾಲೇಜು ಮುಟ್ಟುವಷ್ಟರಲ್ಲಿ ಮೊದಲ ಪಾಠ ಮುಗಿದಿರುತ್ತಿತ್ತು. ಹಾಜರಿ ಇನ್ನೂ ಕಮ್ಮಿಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂದಿದ್ದರು. ಅವಳಪ್ಪ ಇದೇ ಸರಿ ಅಂತ, ಓದಿದ್ದು ಸಾಕು, ಮನೆಯಲ್ಲಿರಲಿ ಅಂತ ಕೂತಿದ್ದ.

ಅವ್ವ ಹೇಳಿದ್ದು ಇಷ್ಟೇ. "ಎಂಗುಸ್ರುಗೆ ಟಿಕೀಟು ಪುಕ್ಸಟ್ಟೆ ಅಂದ್ರು, ಸಂತೋಸ. ಬಸ್ಸೇ ಇಲ್ದಿದ್ರೆ ಯಾವುದ್ರಲ್ ಕುಂತ್ಕಳದು ಮಗಾ?"

ಸಾಹೇಬರು ಸದನದಲ್ಲಿ ಕೇಳುತ್ತೇನೆ ಅಂತ ಮಾತು ಕೊಟ್ಟರು. ಹುಡುಗಿಯ ಕಣ್ಣಲ್ಲಿ ನಂಬಿಕೆ ಕಂಡು ನನಗೇ ಸಂಕಟವಾಯಿತು, ಯಾಕೆಂದರೆ ಸದನದ ಸಂಗತಿ ನನಗೆ ಗೊತ್ತು.

ಅಧಿವೇಶನ ಶುರುವಾಯಿತು. ಹಳ್ಳಿಯವರು ಹುಡುಗಿಯ ಮೊಬೈಲಿನಲ್ಲಿ ನೇರಪ್ರಸಾರ ಹಾಕಿಕೊಂಡು ಜಗುಲಿಯ ಮೇಲೆ ಕೂತಿದ್ದರಂತೆ. ಸಾಹೇಬರು ಎದ್ದು ನಿಂತರು. ಸಭಾಧ್ಯಕ್ಷರು ಕೂತ್ಕೊಳ್ಳಿ ಅಂದರು. ಮತ್ತೆ ಎದ್ದರು, ಮತ್ತೆ ಕೂತ್ಕೊಳ್ಳಿ ಅಂದರು. ಮೂರನೇ ಸಲ ಅರ್ಧ ಏಳುವಾಗಲೇ ಅಂದುಬಿಟ್ಟರು.

ಶನಿವಾರ ಅವ್ವ ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಕಟ್ಟಿಕೊಂಡು ಬಂದರು. ಬಸ್ಸಿನ ಸುದ್ದಿಯೇ ಎತ್ತಲಿಲ್ಲ. ಸಾಹೇಬರ ಬೆನ್ನು ಸವರುತ್ತಾ, ನಮ್ಮ ದೆಸೆಯಿಂದ ಅಷ್ಟು ಜನದ ಮುಂದೆ ನಿನ್ನನ್ನು ಹಾಗೆ ಬೈಸಿಬಿಟ್ಟೆವಲ್ಲಾ ಅಂತ ಕಣ್ಣೊರೆಸಿಕೊಂಡರು. ಅದು ಬೈಗುಳವಲ್ಲ, ಸದನದ ಪದ್ಧತಿ, ಸರದಿ ಬಂದಾಗ ಮಾತಾಡಬೇಕು ಅಂತ ಸಾಹೇಬರು ರೊಟ್ಟಿ ತಿನ್ನುತ್ತಲೇ ವಿವರಿಸಿದರು. ಅವ್ವ ಎಲ್ಲವನ್ನೂ ಕೇಳಿಸಿಕೊಂಡರು.

"ಅದೆಲ್ಲಾ ಸರಿ ಮಗಾ. ಅಷ್ಟ್ ಮೆತ್ತನೆ ಕುರ್ಚಿ ಕೊಟ್ಟವ್ರೆ, ಸುಮ್ಸುಮ್ನೆ ಯಾಕ್ ಎದ್ದೆದ್ ನಿಂತ್ಕತೀಯೆ? ಕುಂತ್ಕಂಡೇ ಕೇಳು."

ಎಲೆ ಅಡಿಕೆ

ಮುಂದಿನ ವಾರ ಸಾಹೇಬರ ಸರದಿ ನಿಜಕ್ಕೂ ಬರುವುದರಲ್ಲಿತ್ತು. ಅಷ್ಟರಲ್ಲಿ ಬೇರಾವುದೋ ವಿಷಯಕ್ಕೆ ಗಲಾಟೆ ಎದ್ದು ವಿರೋಧ ಪಕ್ಷ ಸಭಾತ್ಯಾಗ ಮಾಡಿತು. ಪಕ್ಷ ಎದ್ದ ಮೇಲೆ ಸಾಹೇಬರೊಬ್ಬರೇ ಕೂರಲಾದೀತೇ? ಅವರೂ ಎದ್ದು ಹೋದರು. ಮೊಬೈಲಿನಲ್ಲಿ ಹಳ್ಳಿಯವರು ಕಂಡದ್ದು, ನಮ್ಮ ಶಾಸಕರು ಮುಖ ಗಂಟು ಹಾಕಿಕೊಂಡು ಹೊರಗೆ ಹೋದದ್ದು.

ನಮ್ಮ ಕಡೆ ಮದುವೆ ಮನೆಯಲ್ಲಿ ನೆಂಟನೊಬ್ಬ ಮುನಿಸಿಕೊಂಡು ಪಂಕ್ತಿಯಿಂದ ಎದ್ದು ಹೋದರೆ ಹಾಗೆಯೇ ಬಿಡುವುದಿಲ್ಲ. ನಾಲ್ಕು ಜನ ಹಿರಿಯರು ಎಲೆ ಅಡಿಕೆ, ಬಾಳೆಹಣ್ಣು ಹಿಡಿದು ಹೋಗಿ, ಕೈಹಿಡಿದು ಕರೆತಂದು ಮತ್ತೆ ಎಲೆಯ ಮುಂದೆ ಕೂರಿಸಬೇಕು. ಇಲ್ಲದಿದ್ದರೆ ಇಡೀ ಬೀದಿಗೆ ಅವಮಾನ. ಆ ಶನಿವಾರ ನಮ್ಮ ಆಫೀಸಿಗೆ ಹಳ್ಳಿಯ ಹಿರಿಯರು ತಟ್ಟೆ ಹಿಡಿದುಕೊಂಡೇ ಬಂದರು. ಮುಂದೆ ಅವ್ವ.

ಯಾರು ಏನಂದರು ಅಂತ ವಿಚಾರಣೆ ಶುರುವಾಯಿತು. ತಮಗೆ ಯಾರೂ ಏನೂ ಅನ್ನಲಿಲ್ಲ, ಪಕ್ಷದ ತೀರ್ಮಾನ ಅಂತ ಸಾಹೇಬರು ಹೇಳಿದರು. ಯಾರಿಗೋ ಏನೋ ಅಂದರೆ ನೀವ್ಯಾಕೆ ಎದ್ದಿರಿ ಅಂತ ಒಬ್ಬರು ಕೇಳಿದರು. ಎದ್ದು ಎಲ್ಲಿಗೆ ಹೋದಿರಿ ಅಂತ ಇನ್ನೊಬ್ಬರು. ನಮ್ಮ ಸಾಹೇಬರಿಗೆ ಸುಳ್ಳು ಹೇಳಿ ರೂಢಿಯಿಲ್ಲ, ಅದೇ ಅವರ ರಾಜಕೀಯದ ತೊಡಕು. ಕ್ಯಾಂಟೀನಿಗೆ ಹೋಗಿ ಉದ್ದಿನವಡೆ ತಿಂದೆವು ಅಂದುಬಿಟ್ಟರು.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವ್ವನಿಗೆ ನಿಜಕ್ಕೂ ಬೇಜಾರಾಯಿತು. "ಮುನಿಸ್ಕಂಡೋನು ಉಣ್ಬಾರ್ದು ಕಣಪ್ಪ. ವಡೆ ತಿಂದ್ರೆ ನಿನ್ ಮುನಿಸ ಯಾರ್ ನಂಬ್ತಾರೆ?"

ಒಳಕ್ಕೋಗು

ಅವ್ವನಿಗೆ ಇನ್ನು ಮೊಬೈಲಿನ ಮೇಲೆ ನಂಬಿಕೆ ಉಳಿಯಲಿಲ್ಲ, ನಾನೇ ಬಂದು ನೋಡುತ್ತೇನೆ ಅಂದರು. ಪರೀಕ್ಷೆ ಹತ್ತಿರ ಬಂದಿತ್ತು, ಅಧಿವೇಶನವೂ ಅವರು ಬಂದ ದಿನಕ್ಕೆ ಮುಗಿಯುವುದಿತ್ತು. ಅವತ್ತು ಆಗದಿದ್ದರೆ ಹುಡುಗಿಯ ಓದು ಅಲ್ಲಿಗೆ ನಿಂತಂತೆ. ಅವ್ವ, ಮೊಮ್ಮಗಳು ಇಬ್ಬರಿಗೂ ಪಾಸು ಮಾಡಿಸಿ ವಿಧಾನಸೌಧದ ಗ್ಯಾಲರಿಯಲ್ಲಿ ನನ್ನ ಪಕ್ಕ ಕೂರಿಸಿಕೊಂಡೆ. ಮಾತಾಡಬಾರದು ಅಂದಿದ್ದಕ್ಕೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೂತರು.

ಇನ್ನೇನು ಸಾಹೇಬರ ಹೆಸರು ಕರೆಯಬೇಕು, ಮತ್ತೆ ಗದ್ದಲ. ವಿರೋಧ ಪಕ್ಷದವರೆಲ್ಲ ಎದ್ದರು. ಸಾಹೇಬರು ಒಂದು ಸಲ ಗ್ಯಾಲರಿಯ ಕಡೆ ನೋಡಿ, ತಲೆ ತಗ್ಗಿಸಿ ಹೊರಗೆ ನಡೆದರು. ನನಗೆ ಹುಡುಗಿಯ ಮುಖ ನೋಡುವ ಧೈರ್ಯ ಬರಲಿಲ್ಲ. ಅವ್ವ ಆಗಲೇ ಮೆಟ್ಟಿಲ ಕಡೆ ಹೊರಟಿದ್ದರು.

ಕೆಳಗೆ ಸಾಹೇಬರು ಪಕ್ಷದ ಹಿರಿಯರ ಜೊತೆ ಕಾಫಿ ಲೋಟ ಹಿಡಿದು ನಿಂತಿದ್ದರು. ಅವ್ವ ನೇರ ಹೋಗಿ ಆ ಲೋಟ ಕಿತ್ತು ನನ್ನ ಕೈಗೆ ಕೊಟ್ಟರು. ಬೈಯಲಿಲ್ಲ, ಗಲ್ಲ ಮುಟ್ಟಿದರು.

"ನಿನ್ ಮುನಿಸು ನಾಳಿಕ್ಕೂ ಇರ್ತದೆ ಮಗಾ. ಈ ಕೂಸಿನ ಪರೀಕ್ಸೆ ಇರಾಕಿಲ್ಲ. ಒಳಕ್ಕೋಗು."

ಸಾಹೇಬರು ಹಿರಿಯರ ಕಡೆ ನೋಡಿದರು. ಆ ಹಿರಿಯರ ಮುಖ ಕೆಂಪಾಗಿತ್ತು. ಒಳಗೆ ಹೋದರೆ ಪಕ್ಷದ ಶಿಸ್ತು ಮುರಿದಂತೆ, ಮುಂದಿನ ಸಲ ಟಿಕೆಟ್ಟಿಗೇ ಸಂಚಕಾರ. ಆದರೂ ಸಾಹೇಬರು ಶಲ್ಯ ಸರಿಮಾಡಿಕೊಂಡು ಬಾಗಿಲು ತಳ್ಳಿ ಒಳಗೆ ಹೋದರು. ಇಷ್ಟು ವರ್ಷ ಅವರ ಹಿಂದೆ ಓಡಾಡಿದ್ದೇನೆ, ಅವತ್ತಿನಷ್ಟು ಪ್ರೀತಿ ಅವರ ಮೇಲೆ ಯಾವತ್ತೂ ಬಂದಿರಲಿಲ್ಲ.

ನಾವು ಗ್ಯಾಲರಿಗೆ ಓಡಿದೆವು. ಆ ಬದಿಯ ಕುರ್ಚಿಗಳೆಲ್ಲ ಖಾಲಿ, ನಡುವೆ ನಮ್ಮ ಸಾಹೇಬರೊಬ್ಬರೇ. ನಿಮ್ಮವರೆಲ್ಲ ಹೊರಗಿದ್ದಾರಲ್ಲ ಮಾನ್ಯ ಸದಸ್ಯರೇ ಅಂತ ಸಭಾಧ್ಯಕ್ಷರು ಆಶ್ಚರ್ಯಪಟ್ಟರು.

"ನಾನೂ ಹೋಗಿದ್ದೆ ಸಭಾಧ್ಯಕ್ಷರೇ. ನಮ್ಮ ಕಡೆಯ ಒಬ್ಬರು ಅವ್ವ ವಾಪಸ್ಸು ಕಳಿಸಿದರು."

ಇಡೀ ಸದನ ನಕ್ಕಿತು. ಸಭಾಧ್ಯಕ್ಷರೂ ನಕ್ಕು, ಹಾಗಾದರೆ ಮಾತಾಡಿ ಅಂದರು. ಜಗಳಕ್ಕೆ ಎದುರಿಗೆ ಬೇರೆ ಯಾರೂ ಇಲ್ಲದ್ದರಿಂದ ಆಳುವ ಪಕ್ಷದವರು ವಿಧಿಯಿಲ್ಲದೆ ಕೇಳಿಸಿಕೊಂಡರು. ಸಾಹೇಬರು ಬೆಳಗಿನ ಬಸ್ಸಿನ ಕಥೆ ಪೂರ್ತಿ ಹೇಳಿದರು. ಬಸ್ಸು ಬಿಟ್ಟರೆ ಸಾಲದು, ಹೊತ್ತಿಗೆ ಸರಿಯಾಗಿ ಹೊರಡಬೇಕು, ಎಂಥ ದೊಡ್ಡ ಮನುಷ್ಯರಿಗೂ ಕಾಯಬಾರದು ಅಂತ ಮೇಜು ಕುಟ್ಟಿದರು. ಸಚಿವರು ಸೋಮವಾರದಿಂದಲೇ ಬಿಡಿಸುತ್ತೇವೆ ಅಂದರು. ಹುಡುಗಿ ನನ್ನ ತೋಳು ಹಿಡಿದುಕೊಂಡು ಅತ್ತಳು.

ಸಭಾಧ್ಯಕ್ಷರು "ಆಯ್ತಲ್ಲ, ಇನ್ನು ಕೂತ್ಕೊಳ್ಳಿ" ಅಂದರು. ಅವ್ವ ಸೆರಗು ತೆಗೆದು ನನ್ನ ಕಿವಿಯಲ್ಲಿ ಹೇಳಿದರು. "ಇವತ್ತು ನೋಡು, ಎಷ್ಟ್ ಮರ್ವಾದೆಯಿಂದ ಕುಂಡ್ರಿಸ್ದ."

ಹಸಿರು ಬಾವುಟ

ಪಕ್ಷದ ಹಿರಿಯರು ಸಾಹೇಬರ ಜೊತೆ ಮಾತು ಬಿಟ್ಟರು. ಸಾಹೇಬರು ಅದಕ್ಕೆ ತಲೆ ಕೆಡಿಸಿಕೊಳ್ಳದೆ ಸೋಮವಾರದ ತಯಾರಿಯಲ್ಲಿದ್ದರು. ಬಸ್ಸಿಗೆ ಹಸಿರು ಬಾವುಟ ತೋರಿಸಬೇಕು, ಫೋಟೋ ತೆಗೆಸಬೇಕು. ನಾನು ಬಾವುಟ ಹೊಲಿಸಿದೆ, ಚೆಂಡುಹೂವಿನ ಹಾರ ಮೊದಲೇ ಹಳ್ಳಿಗೆ ಕಳಿಸಿದೆ. ಆದರೆ ದಾರಿಯ ಪ್ರತಿ ಊರಿನಲ್ಲೂ ಜನ ಕಾರು ನಿಲ್ಲಿಸಿ, ಸದನದಲ್ಲಿ ಒಬ್ಬರೇ ಕೂತಿದ್ದು ನೋಡಿದೆವು ಅಂತ ಶಾಲು ಹೊದಿಸಿದರು. ಒಂದು ಕಡೆ ಕಾಫಿ, ಇನ್ನೊಂದು ಕಡೆ ಎಳನೀರು.

ನಾವು ಮುಟ್ಟಿದಾಗ ಬಸ್ಸಿರಲಿಲ್ಲ. ನೆಲದ ಮೇಲೆ ನಾಲ್ಕು ಚೆಂಡುಹೂ ಬಿದ್ದಿದ್ದವು. ಅರಳಿಕಟ್ಟೆಯ ಮೇಲೆ ಅವ್ವ ಒಬ್ಬರೇ ಕೂತಿದ್ದರು.

"ಅವ್ವಾ, ಬಸ್ಸು?" ಅಂದರು ಸಾಹೇಬರು.

"ಓಯ್ತಲ್ಲಾ. ಸಾಹೇಬ್ರು ಬರ್ಲಿ ಅಂತ ಡ್ರೈವರು ನಿಂತ್ಕಂಡಿದ್ದ. ನಾನೇ ಒರಡ್ಸು ಅಂದೆ. ಎಂತಾ ದೊಡ್ ಮನ್ಸರ್ಗೂ ಕಾಯ್ಬಾರ್ದು ಅಂತ ಅಲ್ಲಿ ಮೇಜು ಕುಟ್ದೋನು ನೀನೇ ಅಲ್ವಾ?"

ಸಾಹೇಬರು ಬಾವುಟ ಹಿಡಿದು ಖಾಲಿ ರಸ್ತೆ ನೋಡುತ್ತಾ ನಿಂತರು. ಕೋಪ ಬರುತ್ತದೇನೋ ಅಂತ ನಾನು ಹೆದರಿದೆ. ನೋಡಿದರೆ ಅವರ ಕಣ್ಣು ತುಂಬಿತ್ತು, ಮೀಸೆಯ ಕೆಳಗೆ ನಗು. ಮೊಮ್ಮಗಳು ಮೊದಲ ಪಾಠಕ್ಕೆ ಸಿಕ್ಕಳಾ ಅಂತ ಕೇಳಿದರು. ಸಿಕ್ಕಿರುತ್ತಾಳೆ ಅಂತ ಹೇಳಿ ಅವ್ವ ಪಕ್ಕಕ್ಕೆ ಸರಿದು, ಕಟ್ಟೆಯ ಧೂಳನ್ನು ಸೆರಗಿನಿಂದ ಒರೆಸಿದರು.

"ನಿಂತೇ ಇದ್ದೀಯಲ್ಲ ಮಗಾ. ಕುಂತ್ಕೊ."

ಸಾಹೇಬರು ಬಾವುಟ ನನ್ನ ಕೈಗೆ ಕೊಟ್ಟು, "ಆಗಲಿ ಸಭಾಧ್ಯಕ್ಷರೇ" ಅಂತ ಕೈಮುಗಿದು ಕೂತರು.