ಬದರಿಯ ಹತ್ತಿ ಓಡಿತು

ಬದರಿಯ ಲ್ಯಾಪ್‌ಟಾಪಿನಲ್ಲಿ ಹತ್ತಿ ತೆವಳುತ್ತಿತ್ತು. ಅದು ಹತ್ತಿಯಿಂದ ಬೀಜ ಬಿಡಿಸುವ, ಆದೋನಿಯ ಒಂದು ಜಿನ್ನಿಂಗ್ ಮಿಲ್ಲಿನ ಸಿಸಿ ಕ್ಯಾಮೆರಾದ ವಿಡಿಯೊ. ಬೆಲ್ಟಿನ ಮೇಲೆ ಸಾಗುವ ಹತ್ತಿಯಲ್ಲಿ ಕಸ ಕಂಡಲ್ಲಿ, ಬದರಿ ಮ್ಯಾಟ್‌ಲ್ಯಾಬಿನಲ್ಲಿ ಬರೆದ ಪ್ರೋಗ್ರಾಮು ಕೆಂಪು ಚೌಕ ಹಾಕಬೇಕು. ಹಾಕುತ್ತಿತ್ತು, ಪಾಪ. ಆದರೆ ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಓಡಬೇಕಾದಲ್ಲಿ ಒಂದೊಂದು ಚಿತ್ರ ತೆರೆಗೆ ಬರಲು ಒಂದು ಸೆಕೆಂಡು ಹಿಡಿಯುತ್ತಿತ್ತು.

ಹನ್ನೊಂದಕ್ಕೆ ಆ ಮಿಲ್ಲಿನ ಸಾಹುಕಾರ ಮರಿಬಸಪ್ಪ ಕಾಲೇಜಿಗೆ ಬರುವವರು. ಅವರು ಒಪ್ಪಿದರೆ ಬದರಿಗೆ ಮಿಲ್ಲಿನಲ್ಲಿ ನೌಕರಿ. ಕಾಲೇಜಿನ ಲ್ಯಾಬಿನಲ್ಲಿ ಅವನ ಗುತ್ತಿಗೆ ಕೆಲಸ ಈ ತಿಂಗಳಿಗೆ ಮುಗಿಯುತ್ತದೆ. ಈಗ ಹತ್ತು ಗಂಟೆ.

“ಕಾದದ ಅದು. ಫ್ಯಾನ್ ಹಚ್ಚೋ,” ಎಂದರು ಆಫೀಸಿನ ಅನ್ನಪೂರ್ಣಾಬಾಯಿ. ಹಚ್ಚಿದ. ಮೇಜಿನ ಕಾಗದಗಳು ಹಾರಿದವು, ಹತ್ತಿ ಹಾರಲಿಲ್ಲ.

“ಬಂದ್ ಮಾಡಿ ಮತ್ತ ಚಾಲೂ ಮಾಡು. ನಮ್ಮನಿ ಟೀವಿ ಹಂಗೇ ಸರಿ ಆಗ್ತದ,” ಎಂದರು ಪ್ರಿನ್ಸಿಪಾಲ್ ರಂಗನಾಥ. ಅವರು ಹೇಳಿದ ಮೇಲೆ ಮಾಡದಿರಲಾದೀತೆ? ಲ್ಯಾಪ್‌ಟಾಪು ಮತ್ತೆ ಕಣ್ಣು ಬಿಡುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋದವು. ಬದರಿಯ ಅಂಗಿ ಬೆನ್ನಿಗೆ ಅಂಟಿತು.

ಹತ್ತೂ ಮುಕ್ಕಾಲಿಗೆ ತಪ್ಪು ಕಣ್ಣಿಗೆ ಬಿತ್ತು. ಬಂದವರಿಗೆಲ್ಲ ಹಳೆಯ ಚಾಪೆ ತೆಗೆಯದೆ ಅದರ ಮೇಲೇ ಹೊಸದು ಹಾಸಿದ ಹಾಗೆ, ಪ್ರೋಗ್ರಾಮು ಪ್ರತಿ ಸಲವೂ ಹಳೆಯ ಚಿತ್ರದ ಮೇಲೆ ಹೊಸ ಚಿತ್ರ ಪೇರಿಸುತ್ತಿತ್ತು. ಒಂದೇ ಚಿತ್ರ ಇಟ್ಟು ಒಳಗಿನ ಹತ್ತಿಯನ್ನಷ್ಟೇ ಬದಲಿಸುತ್ತ ಹೋದರೆ ಸಾಕು. ಎರಡು ಸಾಲು ತಿದ್ದಿದ. ಹತ್ತಿ ಓಡಿತು. ಬದರಿಗೆ ಸಂತೋಷಕ್ಕೆ ಅಳುವೇ ಬಂತು.

ಮರಿಬಸಪ್ಪ, ಹತ್ತಿ ಕೊಳ್ಳುವ ಬಳ್ಳಾರಿಯ ವ್ಯಾಪಾರಿಯೊಬ್ಬರನ್ನು ಜೊತೆಗೇ ಕರೆತಂದಿದ್ದರು. “ನೋಡ್ರಿ, ನಮ್ಮ ಮಾಲಿನಾಗ ಒಂದು ಕಡ್ಡಿನೂ ಇರಂಗಿಲ್ಲ. ನಾಳಿಂದ ಈ ಹುಡುಗ ನಮ್ಮವನೇ.”

ಬದರಿ ವಿಡಿಯೊ ಓಡಿಸಿದ. ಒಂದು ನಿಮಿಷ, ಎರಡು ನಿಮಿಷ. ಕೆಂಪು ಚೌಕಗಳು ಪಟಪಟನೆ ಬಿದ್ದವು. ಇಲ್ಲಿಯವರೆಗೆ ಆ ವಿಡಿಯೊವನ್ನು ಎರಡನೇ ನಿಮಿಷ ದಾಟಿ ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ಮೂರನೆಯದರಲ್ಲಿ ಬೆಲ್ಟು ನಿಂತಿತು. ಹಿಂದಿನ ಹತ್ತಿ ರಾಶಿಯ ಬಳಿ ಪಂಚೆ ಎತ್ತಿ ಕಟ್ಟಿದ ಒಬ್ಬರು ಪೈಪು ಹಿಡಿದು ಬಂದರು. ತೂಕ ಏರಲೆಂದು ಹತ್ತಿಗೆ ನೀರು ಬಿಡತೊಡಗಿದರು. ಸಾಕ್ಷಾತ್ ಮರಿಬಸಪ್ಪ.

ಬದರಿ ನಿಲ್ಲಿಸುವ ಗುಂಡಿ ಒತ್ತಿದ. ನಿಲ್ಲಲಿಲ್ಲ. ವೇಗ ಹೆಚ್ಚಲೆಂದು, ವಿಡಿಯೊ ಮುಗಿಯುವ ತನಕ ಯಾವ ಗುಂಡಿಯ ಮಾತೂ ಕೇಳಬೇಡ ಎಂದು ಅವನೇ ಬರೆದಿದ್ದ. ಪ್ಲಗ್ ಕಿತ್ತ. ಬ್ಯಾಟರಿ ತುಂಬಿತ್ತು.

ವ್ಯಾಪಾರಿ ಕೊನೆಯವರೆಗೂ ನೋಡಿ ಎದ್ದರು. “ಭಾಳ ಸಾಫ್ ಕಾಣ್ತೈತಿ. ನಾ ಬರ್ತೀನ್ರಿ.”

ಅವರ ಹಿಂದೆ ಓಡಹೊರಟ ಮರಿಬಸಪ್ಪ ಬಾಗಿಲಲ್ಲಿ ನಿಂತು ಬದರಿಯತ್ತ ತಿರುಗಿದರು.

“ನಮ್ಮ ಮಿಲ್ಲಿಗೆ ಇಷ್ಟು ಚುರುಕು ಮನಷ್ಯಾ ಬ್ಯಾಡಪಾ.”