ಮೂರನೇ ಮಹಡಿಯಲ್ಲಿ ರೊಟ್ಟಿ ಬಡಿದವರ ಅರಿಕೆ

ವಸತಿ ಯೋಜನೆಯ ಮಾನ್ಯ ಹಂಚಿಕೆ ಅಧಿಕಾರಿಗಳ ದಿವ್ಯ ಸನ್ನಿಧಿಗೆ, ಊರವರೆಲ್ಲ ಓದಲೆಂದು ಬಾಗಿಲು ತೆರೆದಿಟ್ಟು ಬರೆದ ಪತ್ರ.

ಮಾನ್ಯರೇ,

ಮೂರನೇ ಗಂಟೆ ಬಾರಿಸಿದೆ, ಪರದೆ ಏಳುವ ಹೊತ್ತಾಗಿದೆ, ಮುಂದಿನ ಸಾಲಿನ ಕುರ್ಚಿಯಲ್ಲಿ ತಾವು ಶಾಲು ಹೊದ್ದು ಕುಳಿತಿದ್ದೀರಿ ಎಂದು ಭಾವಿಸಿ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಹಳ್ಳಿಯ ರಂಗದ ಮೇಲೆ ಅರ್ಧ ಆಯುಷ್ಯ ರಾಜನಾಗಿಯೂ ಉಳಿದರ್ಧ ದುಷ್ಟ ಸಾಹುಕಾರನಾಗಿಯೂ ಗರ್ಜಿಸಿದ ಗುರುಪಾದನೆಂಬ ನಾನು, ತಮಗೂ, ತಮ್ಮ ಕುರ್ಚಿಗೂ, ತಮ್ಮ ಮೇಜಿನ ಮೇಲಿನ ಗಾಜಿಗೂ, ಆ ಗಾಜಿನ ಕೆಳಗೆ ಒತ್ತಿಟ್ಟ ದೇವರ ಫೋಟೋಗಳಿಗೂ ಬಾಗಿ ಬಾಗಿ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ತಾವು ನಮಗೆ ದಯಪಾಲಿಸಿದ ಕೈಗೆಟುಕುವ ದರದ ಮನೆಯನ್ನು ನಾವು ಒಲ್ಲೆವು.

ಇದನ್ನು ಓದಿ ತಾವು ಗಾಬರಿಯಾಗಬಾರದು. ಮನೆ ಬೇಡವೆಂದವರನ್ನು ತಾವು ಈವರೆಗೆ ನೋಡಿಲ್ಲ ಎಂಬುದು ನನಗೆ ಗೊತ್ತು. ಮನೆ ಬೇಕೆಂದು ಬಂದವರನ್ನಂತೂ ನೋಡಲು ತಮಗೆ ಪುರುಸೊತ್ತೇ ಇರಲಿಲ್ಲ. ಆದ್ದರಿಂದ ಕಾರಣಗಳನ್ನು ಸಾವಕಾಶವಾಗಿ, ತಮ್ಮ ಘನತೆಗೆ ಕುಂದು ಬಾರದ ಹಾಗೆ, ಒಂದೊಂದೇ ಅಂಕವಾಗಿ ನಿವೇದಿಸುತ್ತೇನೆ.

ಮೊದಲು ನಮ್ಮ ಸಂಸಾರದ ಸಂಗತಿ. ನನ್ನ ಹೆಂಡತಿ ಶಿವವ್ವ, ಗೋಕಾಕದ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಒಲೆ ಹೂಡಿ, ಗೆಳತಿ ಪದ್ಮವ್ವನನ್ನೂ ಪದ್ಮವ್ವನ ಸೊಸೆಯನ್ನೂ ಜೊತೆಗೆ ಕೂರಿಸಿಕೊಂಡು ಜೋಳದ ರೊಟ್ಟಿ ಬಡಿಯುತ್ತಾಳೆ. ಬಿಸಿ ರೊಟ್ಟಿ ಊರೊಳಗಿನ ಖಾನಾವಳಿಗಳಿಗೆ ಹೋಗುತ್ತದೆ, ಕಡಕ್ ರೊಟ್ಟಿ ಬಸ್ಸು ಹತ್ತಿ ಮೂಡಲಗಿಗೂ ಹುಕ್ಕೇರಿಗೂ ಹೋಗುತ್ತದೆ. ಬಣ್ಣ ಹಚ್ಚಿದ ರಾಜ್ಯಗಳೆಲ್ಲ ಕೈಬಿಟ್ಟ ಮೇಲೆ ಈ ಮಹಾರಾಜನನ್ನು ಸಾಕಿದ್ದು ಆ ಮೂವರ ಅಂಗೈ. ಈಗ ಮನೆಯ ಮಾಲೀಕರು ಹಿತ್ತಲು ಸಹಿತ ಎಲ್ಲವನ್ನೂ ಕೆಡವಿ ಅಂಗಡಿ ಸಾಲು ಕಟ್ಟಿಸುವವರಿದ್ದಾರೆ. ದೀಪಾವಳಿಯೊಳಗೆ ನಾವು ಗಂಟುಮೂಟೆ ಕಟ್ಟಬೇಕು. ರಂಗದ ಮೇಲೆ ಎಷ್ಟೋ ಬಡ ಸಂಸಾರಗಳನ್ನು ಮೀಸೆ ತಿರುವಿ, "ಹೊರಡಿ ನನ್ನ ಮನೆಯಿಂದ!" ಎಂದು ಅಬ್ಬರಿಸಿ ಹೊರದಬ್ಬಿದವನು ನಾನು. ನಮ್ಮ ಮಾಲೀಕರು ಅದೇ ಮಾತನ್ನು ಮೀಸೆಯೇ ಇಲ್ಲದೆ, ಚಹಾ ಕುಡಿಸಿ, "ಕಾಕಾ, ಬ್ಯಾಸರಾ ಮಾಡ್ಕೋಬ್ಯಾಡ್ರಿ" ಎಂದು ಹೇಳಿ ಮುಗಿಸಿದಾಗ, ಈ ಪಾತ್ರವನ್ನು ಇಷ್ಟು ಸಣ್ಣ ದನಿಯಲ್ಲೂ ಆಡಬಹುದಿತ್ತಲ್ಲ, ಸುಮ್ಮನೆ ಗಂಟಲು ಹರಿದುಕೊಂಡೆನಲ್ಲ ಎಂದು ಹಲುಬಿದೆ.

ಅಂಥ ಹೊತ್ತಿನಲ್ಲಿ, ನಾವು ಅರ್ಜಿ ಹಾಕಿದ್ದನ್ನೇ ಮರೆತಿದ್ದಾಗ, ತಮ್ಮ ಕೃಪೆ ಆಕಾಶದಿಂದ ಇಳಿದಂತೆ ಇಳಿಯಿತು. ಆಕಾಶದಿಂದಲೇ ಇಳಿಯಿತು ಅನ್ನಿ, ಯಾಕೆಂದರೆ ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಈಗ ಒಲ್ಲೆನೆಂದರೆ ನಮ್ಮ ಹೆಸರನ್ನು ಅಳಿಸಿಹಾಕಲಾಗುವುದು, ಮತ್ತೆಂದೂ ಈ ಬಾಗಿಲಿಗೆ ಬರತಕ್ಕದ್ದಲ್ಲ ಎಂಬ ತಮ್ಮ ವಾತ್ಸಲ್ಯದ ಮಾತೂ ಅದರ ಜೊತೆಗೇ ಬಂದಿತು.

ಮನೆ ನೋಡಲು ಧುಪದಾಳದ ಕಡೆಯ ರಸ್ತೆಗೆ ಆಟೋ ಮಾಡಿಕೊಂಡು ಹೋದೆವು. ತಮ್ಮ ಕಚೇರಿಯ ಇಂಜಿನಿಯರ್ ಸ್ವಪ್ನಿಲ್ ಅವರು ಬಹಳ ಮರ್ಯಾದೆಯಿಂದ ಬರಮಾಡಿಕೊಂಡರು. ಲಿಫ್ಟಿನ ಜಾಗ ತಯಾರಿದೆ, ಲಿಫ್ಟ್ ಮಾತ್ರ ಬರಬೇಕು. ಸದ್ಯ ಅದರೊಳಗೆ ಪಾರಿವಾಳಗಳು ಮೇಲೆ ಕೆಳಗೆ ಓಡಾಡುತ್ತ ಸೇವೆ ನಡೆಸುತ್ತಿವೆ. ಮೆಟ್ಟಿಲು ಹತ್ತಿ ಮುಟ್ಟಿದೆವು. ಆಹಾ, ಏನು ಮನೆ! ಅಲ್ಲಿ ಸಾಮಾನು ಕಳೆದುಹೋಗುವ ಭಯವಿಲ್ಲ, ನಡುವೆ ನಿಂತು ಕೈ ಚಾಚಿದರೆ ನಾಲ್ಕೂ ಗೋಡೆಯ ಮೊಳೆ ಸಿಗುತ್ತವೆ. ಗಂಡ ಹೆಂಡತಿ ಜಗಳವಾಡಿ ದೂರ ಕೂರುವ ಅವಕಾಶವನ್ನೇ ತಾವು ತೆಗೆದುಹಾಕಿರುವುದರಿಂದ ದಾಂಪತ್ಯ ಗಟ್ಟಿಯಾಗುವುದರಲ್ಲಿ ಸಂದೇಹವಿಲ್ಲ. ಅಡುಗೆಮನೆಯಲ್ಲಿ ನಿಂತು ಬೇಯಿಸಲು ಹೊಳೆಯುವ ಕಲ್ಲಿನ ಕಟ್ಟೆ. ಅದು ಶಿವವ್ವನ ಎದೆಮಟ್ಟಕ್ಕೆ ಬಂತು. ಅವಳು ಅಂಗೈ ಎತ್ತಿ ಕಟ್ಟೆಯ ಮೇಲೆ ಒಂದು ಸಲ ಇಳಿಸಿ ನೋಡಿ, "ಇದರ ಮ್ಯಾಲ ರೊಟ್ಟಿ ಬಡೀಬೇಕಂದ್ರ ನಾ ಸ್ಟೂಲ್ ಹತ್ತಬೇಕ್ರಿ. ಸ್ಟೂಲ್ ಮ್ಯಾಲ ನಿಂತು ಬಡದ್ರ ರೊಟ್ಟಿಕಿಂತ ಮೊದಲ ನಾ ಉರುಳ್ತೇನಿ," ಎಂದಳು. ಸ್ವಪ್ನಿಲ್ ಅವರು ನಕ್ಕು, "ಅಕ್ಕಾರ, ಈಗ ಎಲ್ಲಾರೂ ಚಪಾತಿ ಮಾಡ್ತಾರ್ರಿ," ಎಂದರು. ಜೋಳ ಬೆಳೆಯುವ ಸೀಮೆಯಲ್ಲಿ ನಿಂತು ಹುಟ್ಟಾ ಇಲ್ಲಿಯವರೇ ಆಡಿದ ಈ ಮಾತನ್ನು ನಾನು ತಮ್ಮ ಇಲಾಖೆಯ ದೂರದೃಷ್ಟಿ ಎಂದೇ ತಿಳಿದೆ.

ಇಲ್ಲಿ ನಮ್ಮ ಮನೆತನದ ಹೆಂಗಸರ ಒಂದು ರೂಢಿಯನ್ನು ತಮ್ಮ ಗಮನಕ್ಕೆ ತರಬೇಕು. ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದು ಆಮೇಲಿನ ಮಾತು. ಹೂಂ ಅನ್ನುವ ಮೊದಲೇ ಅಲ್ಲಿ ಕೂತು ಒಂದು ರೊಟ್ಟಿ ಬಡಿದು ಬೇಯಿಸಿ, ಬಾಗಿಲಿಗೆ ಮೊದಲು ಬಂದವರ ಕೈಗೆ ಕೊಡಬೇಕು. ಯಾರೂ ಬಾರದಿದ್ದರೆ, ಅರಮನೆಯೇ ಆದರೂ ಆ ಮನೆ ಬೇಡ. ಶಿವವ್ವ ಹಿಟ್ಟು, ಹಂಚು, ಪರಾತವೆಂಬ ಅಗಲ ತಟ್ಟೆ, ಪುಟ್ಟ ಗ್ಯಾಸ್ ಒಲೆ, ಒಂದಿಷ್ಟು ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಎಲ್ಲವನ್ನೂ ಚೀಲದಲ್ಲಿ ತಂದಿದ್ದಳು. ಕುದಿವ ನೀರು ಹಾಕಿ ಹಿಟ್ಟು ನಾದಿ, ನೆಲದ ಮೇಲೆ ಪರಾತ ಇಟ್ಟು, ಒಂದು ಗೋಡೆಗೆ ಬೆನ್ನು, ಇನ್ನೊಂದು ಗೋಡೆಗೆ ಮೊಣಕಾಲು ಹಚ್ಚಿ ಕೂತು, ಅಂಗೈ ಇಳಿಸಿದಳು.

ಮಾನ್ಯರೇ, ಆ ಕ್ಷಣವನ್ನು ವರ್ಣಿಸಲು ನನ್ನ ಗಂಟಲಿನಲ್ಲಿ ಹಿಂದಿನ ಕಸುವಿಲ್ಲ. ತಾವು ಕಟ್ಟಿಸಿದ್ದು ಮನೆಯಲ್ಲ, ನಗಾರಿ! ಶಿವವ್ವನ ಕೈ ಪರಾತಕ್ಕೆ ಬಿದ್ದರೆ ಸದ್ದು ನೆಲದೊಳಗೆ ಇಳಿದು, ಗೋಡೆಯೊಳಗೆ ತಿರುಗಿ, ಕೆಳಗಿನ ಪ್ರತಿ ಮನೆಯ ಬಾಗಿಲಲ್ಲಿ ಎದ್ದಿತು. ಎರಡನೇ ಮಹಡಿಯಿಂದ ಒಬ್ಬಾಕೆ, "ಯಾರ್ರಿ ಅದು? ಬಾಗಲಾ ಮುರೀತೀರೇನು? ಬಂದ್ನಿ, ತಡೀರಿ!" ಎಂದು ಕೂಗಿದ್ದು ಕೇಳಿತು. ಆಕೆಯ ಹೆಸರು ಕಸ್ತೂರಿ ಎಂದು ಆಮೇಲೆ ತಿಳಿಯಿತು. ಆಕೆ ಬಾಗಿಲು ತೆರೆದರೆ ಯಾರೂ ಇಲ್ಲ. ಆದರೆ ಎದುರಿನ ಮನೆಯವರೂ ಅದೇ ಗಳಿಗೆಯಲ್ಲಿ ಬಾಗಿಲು ತೆರೆದು ಈಕೆಯನ್ನೇ ದಿಟ್ಟಿಸುತ್ತಿದ್ದಾರೆ. "ನೀವ ಬಡದ್ರೇನು?" "ನಾ ಯಾಕ ಬಡೀಲಿ, ನೀವ ಬಡದ್ರಿ!" ಅವರ ಕೆಳಗಿನವರೂ ಹೊರಬಂದರು, ಅವರ ಬಾಜೂದವರೂ ಬಂದರು. ಬಂದು ನೆಲೆಸಿ ವರ್ಷವಾದರೂ ಒಬ್ಬರ ಮುಖ ಒಬ್ಬರು ನೋಡಿರದ ಆ ಕಟ್ಟಡದ ಮಂದಿಯೆಲ್ಲ ಮೆಟ್ಟಿಲ ಮೇಲೆ ನಿಂತು, ಬಾಗಿಲು ಬಡಿದ ಕಳ್ಳನನ್ನು ಹುಡುಕುತ್ತ, ಅದೇ ನೆವದಲ್ಲಿ ಯಾವ ಊರಿನವರು, ಯಾರ ಪೈಕಿ ಎಂದು ವಿಚಾರಿಸಿಕೊಂಡರು. ತಾವು ಲಕ್ಷಗಟ್ಟಲೆ ಸುರಿದು ಕಟ್ಟಿಸಿದ ಸಮುದಾಯ ಭವನ ಕೀಲಿ ಹಾಕಿಕೊಂಡು ಕೂತು ಮಾಡಲಾಗದ ಕೆಲಸವನ್ನು ಒಂದು ಮುಷ್ಟಿ ಹಿಟ್ಟು ಮಾಡಿತು.

ಕಸ್ತೂರಿಯ ಅತ್ತೆ ಮರೆವ್ವ ಮಾತ್ರ ಯಾರನ್ನೂ ಹುಡುಕಲಿಲ್ಲ. ಕಿವಿಗೊಟ್ಟು ಕೇಳಿ, ಸೊಸೆಗೆ, "ಇದು ಬಾಗಲಾ ಬಡಿಯೂ ಸಪ್ಪಳಲ್ಲವಾ, ರೊಟ್ಟಿ ಬಡಿಯೂ ಸಪ್ಪಳ. ಈ ಬಿಲ್ಡಿಂಗಿಗೆ ಬಂದ ಮ್ಯಾಲ ನನ್ನ ಕಿವಿ ಕೆಟ್ಟಾವಂತ ಮಾಡಿದ್ದೆ. ಕೆಟ್ಟಿಲ್ಲ ನೋಡು!" ಎಂದು, ಸೆರಗು ಸಿಕ್ಕಿಸಿಕೊಂಡು, ಮೆಟ್ಟಿಲ ಕಟಕಟೆ ಹಿಡಿದು ಹತ್ತಿ ಎಲ್ಲರಿಗಿಂತ ಮೊದಲು ನಮ್ಮ ಬಾಗಿಲಿಗೆ ಬಂದು ನಿಂತಳು. ರೂಢಿಯಂತೆ ಮೊದಲ ರೊಟ್ಟಿ ಅವಳ ಕೈಗೆ ಹೋಯಿತು. ಹಂಚಿನ ಮೇಲೆ ಉಬ್ಬಿ, ಹಬೆ ಬಿಡುತ್ತಿದ್ದ ರೊಟ್ಟಿಯ ಮೇಲೆ ಹಿಂಡಿ ಉದುರಿಸಿಕೊಂಡು ಆಕೆ ಹೊಸ್ತಿಲಲ್ಲೇ ಕೂತು ತಿಂದ ರೀತಿಯನ್ನು ತಾವು ನೋಡಬೇಕಿತ್ತು. ಹಿಂದೆ ನಿಂತವರು ಸಾಲುಗಟ್ಟಿದರು. ನಮ್ಮ ರೂಢಿಯ ಪ್ರಕಾರ ಇಷ್ಟು ಒಳ್ಳೆಯ ಮನೆ ಭೂಲೋಕದಲ್ಲಿ ಇಲ್ಲ ಎಂದು ತೀರ್ಮಾನವಾಗಿ, ನಾನು ಸ್ವಪ್ನಿಲ್ ಅವರ ಕೈಯಿಂದ ಕೀಲಿಕೈ ಇಸಿದುಕೊಂಡೆ. ತಂಬುವಿನಲ್ಲಿ, ಶಾಲೆಯ ಕಟ್ಟೆಯಲ್ಲಿ, ಬೇರೆಯವರ ಪಡಸಾಲೆಯಲ್ಲಿ ಮಲಗಿ ಬೆನ್ನು ಸವೆಸಿದವನಿಗೆ ಸ್ವಂತ ಮನೆಯ ಕೀಲಿಕೈ ಎಷ್ಟು ತಂಪಾಗಿರುತ್ತದೆ ಎಂದು ತಮಗೆ ಹೇಗೆ ಬಣ್ಣಿಸಲಿ.

ಆಗಲೇ ಕಟ್ಟಡದ ಸಂಘದ ಕಾರ್ಯದರ್ಶಿ ಭೀಮಶಿಯವರ ಪ್ರವೇಶ. ಅವರು ಸಾಲನ್ನು ಸೀಳಿಕೊಂಡು ಬಂದು, "ಅಕ್ಕಾರ, ಇಲ್ಲಿ ನೆಲಕ್ಕ ಏನೂ ಬಡಿಯೂ ಹಂಗಿಲ್ರಿ. ಕೆಳಗ ಬೋರ್ಡ್ ಹಚ್ಚೇವಿ," ಎಂದರು.

ಶಿವವ್ವ ತಲೆ ಎತ್ತದೆ, "ನೆಲಕ್ಕ ಯಾರು ಬಡದಾರೋ ತಮ್ಮಾ? ನಾ ಹಿಟ್ಟಿಗಿ ಬಡದೇನಿ. ಹಿಟ್ಟು ಬಂದು ನಿನ್ನ ಮುಂದ ತಕರಾರ ಹೇಳೈತೇನು?" ಎಂದು ಕೇಳಿದಳು.

ಭೀಮಶಿಯವರು ಬೆವರು ಒರೆಸಿಕೊಂಡು, ಅದು ಸಂಘದ ನಿಯಮವಲ್ಲ, ಹಂಚಿಕೆ ಅಧಿಕಾರಿಗಳೇ ಮನೆ ಕೊಡುವಾಗ ಹಾಕಿದ ಷರತ್ತು ಎಂದು ವಿವರಿಸಿದರು: ಸದ್ದು ಮಾಡುವ ಕೆಲಸ ಕೂಡದು, ಮನೆಯಲ್ಲಿ ಅಡುಗೆ ಮಾಡಿ ಮಾರಕೂಡದು, ಮೀರಿದರೆ ಮನೆ ವಾಪಸ್. ಅದಕ್ಕೇ ಈ ಕಟ್ಟಡದಲ್ಲಿ ಎಲ್ಲರೂ ಸದ್ದಿಲ್ಲದೆ ಲಟ್ಟಿಸುವ ಚಪಾತಿಗೆ ಶರಣಾಗಿದ್ದಾರೆ. ರೊಟ್ಟಿಯ ಆಸೆಯಾದವರು ಪೇಟೆಗೆ ಹೋಗಿ ಖಾನಾವಳಿಯಲ್ಲಿ ಉಂಡು ಬರುತ್ತಾರೆ. ಇಷ್ಟನ್ನು ಕಡ್ಡಿ ಮುರಿದಂತೆ ಹೇಳಿದ ಭೀಮಶಿಯವರು ಹಂಚಿನ ಕಡೆ ನೋಡಿ, ದನಿ ತಗ್ಗಿಸಿ, "ಆ ತುದಿ ಸ್ವಲ್ಪ ಕೆಂಪಗಾಗ್ಲಿ ಅಕ್ಕಾ, ನನಗ ಹಂಗ ಸೇರ್ತೈತಿ," ಎಂದರು. ನಿಯಮಪಾಲನೆ ಮತ್ತು ಹಸಿವು ಒಂದೇ ಮುಖದಲ್ಲಿ ಇಷ್ಟು ಅನ್ಯೋನ್ಯವಾಗಿ ಬಾಳುವುದನ್ನು ನಾನು ಯಾವ ರಂಗದ ಮೇಲೂ ಕಂಡಿಲ್ಲ.

ನಾನು ಕೀಲಿಕೈ ಬಿಡಲೊಲ್ಲೆನಾದೆ. ಅಂಗಲಾಚಿ ನೋಡಿದೆ: ಇಲ್ಲಿ ಮಲಗೋಣ, ರೊಟ್ಟಿಗೆ ಬೇರೆ ಕಡೆ ಜಾಗ ಹಿಡಿಯೋಣ ಎಂದೆ. ಮನೆಯ ಕಂತು ಒಂದು ಕಡೆ, ಒಲೆಯ ಬಾಡಿಗೆ ಇನ್ನೊಂದು ಕಡೆ ಎಂದು ಎರಡು ಸೂರು ಹೊರುವ ಶಕ್ತಿ ನಮಗಿಲ್ಲ ಎಂಬುದು ಹೇಳುವಾಗಲೇ ನನಗೆ ತಿಳಿದಿತ್ತು. ಶಿವವ್ವ ಪರಾತ ಒರೆಸುತ್ತ, "ಮನಿ ಸಿಗತೈತಿ, ಖರೆ. ಮನ್ಯಾಗ ಕುಂತು ಏನು ತಿನ್ನೂನ್ರಿ, ಮನೀನ ತಿನ್ನೂನೇನು? ಪದ್ಮವ್ವಗ, ಆಕಿ ಸೊಸಿಗಿ ಏನು ಹೇಳ್ಲಿ? ನಮಗ ಕೀಲಿ ಸಿಕ್ತು, ನೀವು ಹೊಂಟು ಹೋಗ್ರಿ ಅನ್ಲೇನು?" ಎಂದಳು. ನನ್ನ ಬಳಿ ಎಂಥೆಂಥ ಸಂಭಾಷಣೆಗಳು ಬಾಯಿಪಾಠ ಇವೆ, ಮಾನ್ಯರೇ. ಅವನ್ನೆಲ್ಲ ಗಂಟು ಕಟ್ಟಿಟ್ಟೆ. ಕೀಲಿಕೈ ಸ್ವಪ್ನಿಲ್ ಅವರಿಗೆ ವಾಪಸ್ ಕೊಟ್ಟೆ. ಬಿಸಿಯಾಗಿಬಿಟ್ಟಿತ್ತು.

ಹಾಗಾಗಿ ತಮ್ಮ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಮನೆ ನಮ್ಮ ಕೈಗೆ ನಿಶ್ಚಯವಾಗಿಯೂ ಎಟುಕಿತು. ಎಟುಕಿದ ಮೇಲೆ ಕೈ ಆಡಿಸಬಾರದು ಎಂಬುದಷ್ಟೇ ನಮಗೆ ಕಷ್ಟವಾಯಿತು. ಬಡವರು ಮನೆಯಲ್ಲಿ ಮಲಗುತ್ತಾರೆ, ಏಳುತ್ತಾರೆ, ಟಿವಿ ನೋಡುತ್ತಾರೆ ಎಂದು ತಾವು ಕಲ್ಪಿಸಿಕೊಂಡದ್ದು ದೊಡ್ಡ ಗೌರವ. ದುಡಿಯುತ್ತಾರೆ ಎಂಬ ಕೀಳು ಶಂಕೆಯನ್ನು ತಾವು ನಮ್ಮ ಮೇಲೆ ಎಂದೂ ಪಡಲಿಲ್ಲ.

ಆದರೂ ಮುಂದೆ ಆ ಮನೆಗೆ ಬರುವವರ ಸಲುವಾಗಿ ಕೆಲವು ಬಿನ್ನಹಗಳಿವೆ. ಸದ್ದಿಲ್ಲದೆ ಬಡಿಯಬಲ್ಲ ಅಂಗೈಗಳನ್ನು ಸರಕಾರದ ವತಿಯಿಂದಲೇ ತಯಾರಿಸಿ, ಮನೆಗೊಂದು ಜೊತೆ ಹಂಚಬೇಕು. ಅದಾಗದಿದ್ದರೆ ಕೆಳಗಿನ ಎರಡು ಮಹಡಿಗಳನ್ನು ಪಕ್ಕಕ್ಕೆ ಸರಿಸಿ, ಮೂರನೆಯದನ್ನು ಮಾತ್ರ ನಾಜೂಕಾಗಿ ಕೆಳಗಿಳಿಸಿ ಹಿತ್ತಲು ಹಚ್ಚಿಕೊಡಬೇಕು. ಅದೂ ಆಗದಿದ್ದರೆ, ಆ ಅಡುಗೆ ಕಟ್ಟೆಯ ನಕ್ಷೆ ಬರೆದ ಮಹನೀಯರು ಒಂದು ದಿನ ಅದೇ ಕಟ್ಟೆಯ ಮುಂದೆ ನಿಂತು ಬರೇ ಒಂದು ರೊಟ್ಟಿ ಬಡಿದು ತೋರಿಸಬೇಕು. ಶಿವವ್ವ ಬಂದು ನೋಡುತ್ತಾಳೆ, ನಗದಿರಲು ಪ್ರಯತ್ನ ಮಾಡುವುದಾಗಿಯೂ ಒಪ್ಪಿದ್ದಾಳೆ.

ನಮ್ಮ ಚಿಂತೆ ತಮಗೆ ಬೇಡ. ಕಲ್ಲೋಳಿಯ ಬಸ್ ರಸ್ತೆಗೆ ಹತ್ತಿದ ಒಂದು ತಗಡಿನ ಶೆಡ್ ಬಾಡಿಗೆಗೆ ಹಿಡಿದಿದ್ದೇವೆ. ಮಳೆ ಬಂದರೆ ಒಳಗೂ ಬರುತ್ತದೆ, ಬಿಸಿಲಿಗೆ ತಗಡು ಕಾದು ಹಂಚಾಗುತ್ತದೆ, ನಾನು ಹಗ್ಗದ ಮಂಚವನ್ನು ಸೋರುವ ಕಡೆಯಿಂದ ಒಲೆಯ ಕಡೆಗೆ ಸರಿಸಿಕೊಳ್ಳುತ್ತ ಮಲಗುತ್ತೇನೆ. ಇದನ್ನು ಮನೆಯೆಂದು ಹೇಳಿ ತಮ್ಮನ್ನು ಮೋಸಗೊಳಿಸಲಾರೆ. ಆದರೆ ನೆಲ ನೆಲದ ಮೇಲೆಯೇ ಇದೆ, ಮೂವರೂ ಕೂತರೆ ಮೊಣಕಾಲು ತಾಗುವುದಿಲ್ಲ, ಬಡಿದ ಸದ್ದು ರಸ್ತೆಯವರೆಗೆ ಹೋಗಿ ಗಿರಾಕಿಗಳನ್ನು ಕರೆದುಕೊಂಡು ಬರುತ್ತದೆ. ಮರೆವ್ವನ ಬೇಡಿಕೆಯ ಮೇರೆಗೆ ತಮ್ಮ ಕಟ್ಟಡದ ಮನೆಮನೆಗೂ ದಿನಾ ರೊಟ್ಟಿ ಕಟ್ಟು ಹೋಗುತ್ತಿದೆ; ಕಾರ್ಯದರ್ಶಿಗಳ ಕಟ್ಟಿನಲ್ಲಿ ತುದಿ ಕೆಂಪಗಾದವೇ ಇರುತ್ತವೆ.

ನಮ್ಮ ಹೆಸರನ್ನು ತಾವು ಸಂತೋಷದಿಂದ ಅಳಿಸಬಹುದು. ಪರದೆ ಬೀಳಲಿ.

ಕೀಲಿಕೈ ಮರಳಿಸಿಯೂ ಕೃತಜ್ಞತೆ ಮರಳಿಸಲಾಗದ
ತಮ್ಮ ವಿಶ್ವಾಸಿ,
ಗುರುಪಾದ
ಶಿವವ್ವನ ತಗಡಿನ ಶೆಡ್, ಕಲ್ಲೋಳಿ

ತಾ.ಕ.: ತಮ್ಮ ಕಚೇರಿಯಿಂದಲೂ ನಿನ್ನೆ ಫೋನ್ ಬಂದಿತ್ತು. ಸಾಹೇಬರಿಗೆ ಖಾನಾವಳಿಯಲ್ಲಿ ಉಂಡ ರೊಟ್ಟಿ ಬಹಳ ಹಿಡಿಸಿದೆ, ಅದೇ ಕೈಯ ರೊಟ್ಟಿ ಮಧ್ಯಾಹ್ನದ ಊಟಕ್ಕೆ ದಿನಾ ಕಚೇರಿಯ ಮೇಲಿನ ಮಹಡಿಗೆ ಮುಟ್ಟಿಸಬೇಕು ಎಂದು ಅಪ್ಪಣೆಯಾಯಿತು. ಶಿವವ್ವ ಸಂತೋಷದಿಂದ ಒಪ್ಪಿದ್ದಾಳೆ. ಕಟ್ಟು ಕೆಳಗೆ ಮೆಟ್ಟಿಲ ಬಳಿ ಇಟ್ಟಿರುತ್ತೇವೆ, ಬಿಸಿ ಆರುವುದರೊಳಗೆ ತಾವೇ ಇಳಿದು ಬಂದು ತೆಗೆದುಕೊಳ್ಳಬೇಕು. ಮೇಲೆ ಬಂದು ಬಾಗಿಲು ಬಡಿಯಬಹುದಿತ್ತು. ತಮ್ಮ ಷರತ್ತು ಮೀರಿದಂತಾದೀತು ಎಂದು ಹಿಂಜರಿಕೆ.